ಉಮಿಯಲ್ಲಿ ಬೆಂದ ಬಣ್ಣ

ಚಿನ್ನಿಗೆ ನಾಲ್ಕು ತುಂಬುವ ಹೊತ್ತಿಗೆ ಅವಳಿಗೆ ಬಂದಿದ್ದ ಮಾತುಗಳು ಒಂದೊಂದಾಗಿ ಹೋಗತೊಡಗಿದವು. ಮೊದಲು ಹೋದದ್ದು ಪಕ್ಕದ ಮನೆಯ ಕರುವಿನ ಹೆಸರು. ಆಮೇಲೆ ಬೆಲ್ಲ. ಆಮೇಲೆ, ಅಪ್ಪ ಕೆಲಸ ಮುಗಿಸಿ ಬಂದಾಗ ಎರಡು ಕೈ ಚಾಚಿ ಹೇಳುತ್ತಿದ್ದ 'ಎತ್ತು'. ಕೈ ಚಾಚುವುದು ಉಳಿದಿತ್ತು, ಮಾತು ಇರಲಿಲ್ಲ. ಸಾಂತಪ್ಪ ಅದನ್ನು ಗಮನಿಸಲೇ ಇಲ್ಲ. ಮಗು ಕೈ ಚಾಚಿದರೆ ಎತ್ತಿಕೊಳ್ಳುತ್ತಿದ್ದ, ಅಷ್ಟೇ. ಗಮನಿಸಿದವಳು ತಾಯಿ ಹೊನ್ನಮ್ಮ. ಹತ್ತಾರು ದಿನ ಯಾರಿಗೂ ಹೇಳದೆ ಮನಸ್ಸಿನಲ್ಲೇ ಇಟ್ಟುಕೊಂಡು, ಒಂದು ಬೆಳಿಗ್ಗೆ ಅವನು ಕೆಲಸಕ್ಕೆ ಹೊರಡಲು ಮೂಗಿಗೆ ಕಟ್ಟುವ ಬಟ್ಟೆಯನ್ನು ಒದ್ದೆ ಮಾಡಿಕೊಳ್ಳುತ್ತಿದ್ದಾಗ ಹೇಳಿದಳು.

"ಇಲ್ಲಿ ಕೇಳಿ. ನಮ್ಮ ಗೂಡೆ, ಚಿನ್ನಿ, ಮೂರು ದಿನದಿಂದ ನನ್ನ ಅವ್ವ ಅಂತ ಕರೀಲಿಲ್ಲೆ."

"ಸಿಟ್ಟು ಬಂದಿರೊಕು. ನೀನು ಬೈದಿದ್ದೆಯಲ್ಲ."

"ನಾಲ್ಕು ವರ್ಷದ ಮಕ್ಕಳ ಸಿಟ್ಟು ಮೂರು ದಿನ ಇದ್ದದ್ದು ಎಲ್ಲಾದರೂ ಉಟ್ಟಾ? ಹೊಟ್ಟೆ ನೋವು ಅಂತ ಮುದುಡಿಕೊಂಡು ಮಲಗ್ತದೆ. ಹೊರಕಡೆಗೆ ಹೋಗಿ ಐದು ದಿನ ಆತ್. ಮುಖ ನೋಡಿ, ಸುಣ್ಣದ ಹಾಗೆ."

ಸಾಂತಪ್ಪ ನೋಡಿದ. ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ ಮಗು ಇವನನ್ನು ನೋಡಿ ನಕ್ಕಿತು. ನಗು ಬಂದಿತಲ್ಲ, ಇನ್ನೇನು ಎಂದುಕೊಂಡ. "ಹುಳದ ಕಾಟ. ಹರಳೆಣ್ಣೆ ಕುಡಿಸು," ಎಂದು ಹೇಳಿ ಹೊರಟುಹೋದ.

ಸಾಂತಪ್ಪನ ಕೆಲಸ ಕಬ್ಬಿಣದ ಮೇಲಿನ ಹಳೆಯ ಬಣ್ಣ ಸುಡುವುದು. ಮೂರ್ನಾಡಿನಲ್ಲಿ, ವೀರಾಜಪೇಟೆ ಕಡೆಗೆ ಹೋಗುವ ರಸ್ತೆಯ ಬದಿಗೆ, ಅಕ್ಕಿ ಗಿರಣಿಯ ಹಿಂದೆ ಅವನದೊಂದು ತಗಡಿನ ಮಾಡು. ಸುತ್ತಲಿನ ಎಸ್ಟೇಟುಗಳಿಂದ ಕಾಫಿ ಹಣ್ಣು ಬಿಡಿಸುವ ಪಲ್ಪರಿನ ಭಾಗಗಳು ಬರುತ್ತಿದ್ದವು, ಸೈಕಲಿನ ಫ್ರೇಮುಗಳು, ಜೀಪಿನ ಬಾನೆಟ್ಟು, ಮದುವೆಗೆ ಮುಂಚೆ ಹೊಸದು ಮಾಡಿಸಿಕೊಳ್ಳುವ ಕಬ್ಬಿಣದ ಮಂಚಗಳು ಬರುತ್ತಿದ್ದವು. ಹಳೆ ಬಣ್ಣದ ಮೇಲೆ ಹೊಸ ಬಣ್ಣ ಬಳಿದರೆ ಒಂದು ಮಳೆಗಾಲಕ್ಕೆ ಅದು ಉಬ್ಬಿ ಏಳುತ್ತದೆ. ಅಡಿಯವರೆಗೆ ತೆಗೆದು, ಕಬ್ಬಿಣದ ಮೈ ಕಾಣಿಸಿ, ಆಮೇಲೆ ಬಳಿಯಬೇಕು. ಆ ತೆಗೆಯುವ ವಿದ್ಯೆ ಈ ಭಾಗದಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಅದನ್ನು ಕಲಿತದ್ದು ಪಟಾಲಮ್ಮಿನಲ್ಲಿ. ಗಾಳಿಬೀಡಿನ ಗೌಡರ ಮನೆಯ ಮೂರನೆಯ ಮಗ. ಯುದ್ಧದ ಕಾಲದಲ್ಲಿ ಸೇನೆಗೆ ಸೇರಿದವನನ್ನು ಬಂದೂಕು ಹಿಡಿಸದೆ ವರ್ಕ್‌ಶಾಪಿಗೆ ಹಾಕಿದರು. ಲಾರಿಗಳ ಬಣ್ಣ ತೆಗೆಯುವ ಕೆಲಸ. ಕೈಯಲ್ಲಿ ಬ್ಲೋಲ್ಯಾಂಪು, ಅದರ ಉರಿ ತಾಗಿದಲ್ಲಿ ಬಣ್ಣ ಗುಳ್ಳೆ ಎದ್ದು ಕರಗುತ್ತಿತ್ತು, ಕೆರೆದು ತೆಗೆಯುತ್ತಿದ್ದರು. ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಮಲಬಾರಿನವನೊಬ್ಬನಿಗೆ ಎರಡು ವರ್ಷದಲ್ಲಿ ಮಣಿಕಟ್ಟು ಸೋತು, ಮುಂಗೈ ಎತ್ತಲಾಗದೆ, ನೆನೆದ ಬಟ್ಟೆಯ ಹಾಗೆ ಜೋತುಬಿತ್ತು. ಊಟದ ತಟ್ಟೆ ಹಿಡಿಯಲಾಗದೆ ಅವನು ಅಳುತ್ತಿದ್ದುದನ್ನು ಸಾಂತಪ್ಪ ನೋಡಿದ್ದ. "ಹೊಗೆ ಕುಡಿದ, ಅದಕ್ಕೆ. ಬಣ್ಣದ ಹೊಗೆ ವಿಷ. ಹೊಗೆಯ ಎದುರು ನಿಲ್ಲಬೇಡಿ," ಎಂದು ಹವಾಲ್ದಾರ ಎಲ್ಲರನ್ನೂ ನಿಲ್ಲಿಸಿ ಹೇಳಿದ. ಅದೊಂದು ಮಾತನ್ನು ಸಾಂತಪ್ಪ ಊರಿಗೆ ಹೊತ್ತುಕೊಂಡು ಬಂದ.

ಊರಿನಲ್ಲಿ ಅವನು ಬ್ಲೋಲ್ಯಾಂಪು ಮುಟ್ಟಲಿಲ್ಲ. ಅದರ ಉರಿ ಒಂದೇ ಕಡೆ ಕಚ್ಚಿ ತಗಡನ್ನು ಸೊಟ್ಟ ಮಾಡುತ್ತದೆ, ಸೈಕಲಿನ ಬೆಸುಗೆ ಬಿಡಿಸುತ್ತದೆ, ಹೊಗೆಯಂತೂ ನೇರ ಮುಖಕ್ಕೇ. ಗಿರಣಿಯ ಹಿಂದೆ ಬೆಟ್ಟದಷ್ಟು ಬಿದ್ದಿದ್ದ ಭತ್ತದ ಉಮಿಯನ್ನು ನೋಡಿ ಅವನಿಗೊಂದು ಉಪಾಯ ಹೊಳೆಯಿತು. ಸೊಂಟದಾಳದ ಕುಳಿ ತೋಡಿ, ಗೋಡೆಗೆ ಕೆಮ್ಮಣ್ಣು ಮೆತ್ತಿದ. ಅಡಿಯಲ್ಲಿ ಉಮಿ, ಅದರ ಮೇಲೆ ಕಬ್ಬಿಣದ ಭಾಗಗಳು, ಮೇಲೆ ಮತ್ತೆ ಉಮಿ. ನಾಲ್ಕು ಮೂಲೆಗೆ ನಾಲ್ಕು ಬೊಗಸೆ ಕೆಂಡ. ಉಮಿ ಭುಗ್ಗನೆ ಉರಿಯುವ ವಸ್ತುವಲ್ಲ. ಒಳಗೊಳಗೇ ನಿಧಾನ ಬೇಯುತ್ತದೆ. ಬೆಳಿಗ್ಗೆ ಇಟ್ಟ ಕೆಂಡ ಸಂಜೆಯ ಹೊತ್ತಿಗೆ ನಡುವಿಗೆ ಬಂದು ಮುಟ್ಟುತ್ತಿತ್ತು, ಅಷ್ಟರಲ್ಲಿ ಎಷ್ಟೇ ಪದರದ ಬಣ್ಣವಿದ್ದರೂ ಸುಟ್ಟ ಹಪ್ಪಳದ ಹಾಗೆ ಪುಡಿಪುಡಿಯಾಗಿ ಉದುರುತ್ತಿತ್ತು. ಕಾವು ಹೆಚ್ಚಾಯಿತೇ ಎಂದು ತಿಳಿಯಲು ಒಂದು ಹುಲ್ಲಿನ ಎಳೆಯನ್ನು ಉಮಿಯೊಳಗೆ ತೂರಿಸಿ ಇಪ್ಪತ್ತು ಎಣಿಸುತ್ತಿದ್ದ. ಎಳೆ ಚಹಾದ ಬಣ್ಣಕ್ಕೆ ತಿರುಗಿದರೆ ಸರಿ; ಕಪ್ಪಾದರೆ ಮೇಲೆ ಹಸಿ ಮಣ್ಣು ಎರಚಬೇಕು. ಸಂಜೆಗೆ ಕುಳಿಯ ಬಾಯಿಗೆ ಮಣ್ಣು ಮುಚ್ಚಿ ಬೆಂಕಿಯ ಉಸಿರು ಕಟ್ಟಿಸುತ್ತಿದ್ದ. ಮರುದಿನದವರೆಗೆ ಕಬ್ಬಿಣ ಉಮಿಯೊಳಗೇ ಆರಬೇಕು. ಅವಸರಕ್ಕೆ ನೀರು ಚೆಲ್ಲಿದರೆ ಎರಕ ಹೊಯ್ದ ಬೀಡಿನ ಭಾಗಗಳು ಫಟ್ಟೆಂದು ಬಿರಿಯುತ್ತವೆ.

"ಇದೆಂತ ಸಾಂತಪ್ಪ, ಸೈಕಲಿಗೆ ಬಾಣಂತಿ ಕೋಣೆಯಾ?" ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಉತ್ತಯ್ಯ ಗೇಲಿ ಮಾಡುತ್ತಿದ್ದ. "ಬೆಚ್ಚಗೆ ಮಲಗಿಸ್ತೀಯ, ಗಾಳಿ ಸೋಕದ ಹಾಗೆ ಮುಚ್ತೀಯ. ಹನ್ನೊಂದನೇ ದಿನಕ್ಕೆ ಎಣ್ಣೆ ಸ್ನಾನ ಉಂಟಾ?"

"ನಿಮ್ಮ ಪಲ್ಪರಿಗೆ ಬಿರುಕು ಬಿಟ್ಟರೆ ಮ್ಯಾನೇಜರ್ ನಿಮಗೆ ಮಾಡಿಸ್ತಾರೆ ಎಣ್ಣೆ ಸ್ನಾನ, ಸುಮ್ಮನೆ ಹೋಗಿ ರೈಟರ್ರೆ," ಎಂದು ಸಾಂತಪ್ಪನೂ ಬಿಡುತ್ತಿರಲಿಲ್ಲ.

ಅವನ ಜಾಗ್ರತೆಗೆ ಊರೇ ನಗುತ್ತಿತ್ತು. ಗಾಳಿ ಮನೆಗಳ ಕಡೆಗೆ ಬೀಸುತ್ತಿದ್ದರೆ ಆ ದಿನ ಕುಳಿಗೆ ಕೆಂಡ ಬೀಳುತ್ತಿರಲಿಲ್ಲ. ಜೊತೆಗೆ ಕೆಲಸ ಮಾಡುತ್ತಿದ್ದ ಜವರನಿಗೆ, ಅವನೂ ಸಾಂತಪ್ಪನ ವಯಸ್ಸಿನವನೇ, ಮೂಗಿಗೆ ಒದ್ದೆ ಬಟ್ಟೆ ಕಟ್ಟದೆ ಹತ್ತಿರ ಬರಲು ಬಿಡುತ್ತಿರಲಿಲ್ಲ. ಮಾಡಿನ ಕೆಳಗೆ ಒಂದು ಲೋಟ ಕಾಫಿ ಕುಡಿಯುವ ಹಾಗಿರಲಿಲ್ಲ. ಸಂಜೆ ಹೊಳೆಯಲ್ಲಿ ಮಿಂದು, ಬಟ್ಟೆ ಬದಲಿಸಿಯೇ ಮನೆಗೆ ಕಾಲಿಡುತ್ತಿದ್ದ. ಮಗಳು ಹುಟ್ಟಿದ ಮೇಲಂತೂ ಕುಳಿಯ ಸುತ್ತ ಬೇಲಿ ಹಾಕಿಸಿದ. ಹೊನ್ನಮ್ಮನಿಗೆ ಎರಡು ಬಸಿರು ನಿಲ್ಲದೆ ಹೋಗಿ, ಮದುವೆಯಾದ ಎಂಟನೆಯ ವರ್ಷಕ್ಕೆ ಬಂದ ಮಗು ಅದು. ನೀಲಾವತಿ ಎಂದು ಹೆಸರಿಟ್ಟು ಚಿನ್ನಿ ಎಂದು ಕರೆದರು. ಆ ಮಗುವಿಗೆ ಹೊಗೆಯ ಒಂದು ಎಳೆಯೂ ತಾಗಬಾರದು ಎಂಬುದು ಅವನ ಹಟ. ತಾಗಲೂ ಇಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅವನ ಕೆಲಸ ಇಮ್ಮಡಿಯಾಯಿತು. ಕಚೇರಿಗಳ, ರಸ್ತೆಗಳ, ಬಂಗಲೆಗಳ ಕಬ್ಬಿಣದ ಬೋರ್ಡುಗಳೆಲ್ಲ ಹೊಸ ಹೆಸರು ಬರೆಸಿಕೊಳ್ಳಲು ಬಂದವು. ನಾಲ್ಕೈದು ವರ್ಷ ಬರುತ್ತಲೇ ಇದ್ದವು. ಬಿಳಿಯರ ಕಾಲದಿಂದ ಬಳಿದ ಮೇಲೆ ಬಳಿದು ಅವುಗಳ ಮೈಮೇಲೆ ಬೆರಳು ದಪ್ಪದ ಬಣ್ಣ. ಎಲ್ಲಕ್ಕೂ ಅಡಿಯಲ್ಲಿ ತುಕ್ಕು ಹಿಡಿಯದ ಹಾಗೆ ಹಚ್ಚುತ್ತಿದ್ದ ಕುಂಕುಮದಂಥ ಕೆಂಪು ಅಸ್ತರ. ಅಷ್ಟನ್ನೂ ಉಮಿ ಬೇಯಿಸಿ ಉದುರಿಸಿತು.

ಕಬ್ಬಿಣ ತೆಗೆದ ಮೇಲೆ ಕುಳಿಯಲ್ಲಿ ಉಳಿಯುತ್ತಿದ್ದದ್ದು ಉಮಿಕರಿ. ಕಪ್ಪಗೆ, ನುಣ್ಣಗೆ, ಒಂದೇ ಹದಕ್ಕೆ ಬೆಂದದ್ದು. ಆಗ ಎಲ್ಲರ ಮನೆಯಲ್ಲೂ ಹಲ್ಲುಜ್ಜುತ್ತಿದ್ದದ್ದು ಉಮಿಕರಿಯಲ್ಲೇ. ಒಲೆಯ ಪಕ್ಕದಲ್ಲಿ ಉಮಿ ಸುಟ್ಟು, ಉಪ್ಪು ಬೆರೆಸಿ ತೆಂಗಿನ ಚಿಪ್ಪಿನಲ್ಲಿ ಇಟ್ಟಿರುತ್ತಿದ್ದರು. ಆದರೆ ಅದು ಅರ್ಧ ಬೂದಿ, ಅರ್ಧ ಹಸಿ, ವಸಡು ಗೀರುತ್ತಿತ್ತು. "ಇಷ್ಟು ಚಂದದ ಕರಿಯನ್ನ ಮಣ್ಣಿಗೆ ಹಾಕೋದಾ?" ಎಂದು ಮದುವೆಯಾದ ವರ್ಷವೇ ಸಾಂತಪ್ಪ ಒಂದು ಮೊರದಷ್ಟು ಮನೆಗೆ ತಂದಿದ್ದ. ಬಣ್ಣದ ಹಕ್ಕಳೆಗಳನ್ನು ಜರಡಿ ಹಿಡಿದು ತೆಗೆದು, ಉಳಿದದ್ದನ್ನು ತೆಳು ಬಟ್ಟೆಯಲ್ಲಿ ಜಾಲಿಸಿದ್ದ. ವಿಷವೆಲ್ಲ ಹೊಗೆಯಾಗಿ ಹೋಯಿತು, ಬೆಂಕಿಯಲ್ಲಿ ಹಗಲಿಡೀ ಬೆಂದದ್ದರಲ್ಲಿ ಕೆಟ್ಟದ್ದು ಏನು ಉಳಿದೀತು ಎಂಬುದು ಅವನ ನಂಬಿಕೆ. ಆ ನಂಬಿಕೆಯಲ್ಲೇ ಅಕ್ಕಪಕ್ಕದವರಿಗೂ ಹಂಚಿದ. ಎಸ್ಟೇಟಿನ ಕೂಲಿ ಲೈನಿನಿಂದ ಕಾಫಿ ಕೊಯ್ಯಲು ಹೋಗುವ ಚೋಮಿ, ರೈಟರ್ ಉತ್ತಯ್ಯನ ಮನೆ, ಗಿರಣಿಯವರು, ಹೀಗೆ ಹದಿನಾರು ಹದಿನೇಳು ಮನೆ. ಡಬ್ಬ ತಂದವರಿಗೆ ಇಲ್ಲ ಎಂದದ್ದಿಲ್ಲ.

ಚಿನ್ನಿಗೆ ಆ ಉಮಿಕರಿ ಎಂದರೆ ಪ್ರಾಣ. ಬೇರೆ ಮಕ್ಕಳು ಹಲ್ಲುಜ್ಜಲು ಅತ್ತು ಓಡಿದರೆ ಇವಳು ತಾನೇ ಬಂದು ಬಾಯಿ ತೆರೆಯುತ್ತಿದ್ದಳು. ಬೆರಳು ಚೀಪುತ್ತಿದ್ದಳು, ಉಗುಳುತ್ತಿರಲಿಲ್ಲ. "ನುಂಗ್ತದೆ ನೋಡಿ," ಎಂದು ಹೊನ್ನಮ್ಮ ಗದರಿದಾಗ, "ನುಂಗಲಿ ಬಿಡು ಮಾರಾಯ್ತಿ, ಕರಿ ಹೊಟ್ಟೆಗೆ ಒಳ್ಳೇದು," ಎಂದು ಸಾಂತಪ್ಪ ನಕ್ಕಿದ್ದ. ಒಂದು ಸಲವಲ್ಲ, ಎಷ್ಟೋ ಸಲ.

ಹರಳೆಣ್ಣೆಗೆ ಹೊಟ್ಟೆ ನೋವು ಹೋಗಲಿಲ್ಲ. ಹುಳದ ಔಷಧಿಗೂ ಹೋಗಲಿಲ್ಲ. ದೃಷ್ಟಿಯೆಂದು ಉಪ್ಪು ಮೆಣಸು ಇಳಿ ತೆಗೆದು ಒಲೆಗೆ ಹಾಕಿದರು. ಗಾಳಿಬೀಡಿನಿಂದ ಸಾಂತಪ್ಪನ ಅತ್ತಿಗೆ ಬೊಳ್ಳಮ್ಮ ಬಂದು ಮಗುವಿನ ಕಣ್ಣೆವೆ ಬಿಡಿಸಿ ನೋಡಿ, "ರಕ್ತವೇ ಇಲ್ಲೆ. ನೀನು ಈ ಮಗುವಿಗೆ ತಿನ್ನಕ್ಕೆ ಎಂತ ಕೊಡ್ತೀಯ ಹೊನ್ನು?" ಎಂದು ಕೇಳಿದಳು. ಆ ಒಂದು ಮಾತಿಗೆ ಹೊನ್ನಮ್ಮ ಹಗಲಿಡೀ ಅತ್ತಳು. ಕೊಟ್ಟದ್ದನ್ನೆಲ್ಲ ನೆನಪು ಮಾಡಿಕೊಂಡಳು. ಹಲಸಿನ ಹಣ್ಣು ಜಾಸ್ತಿಯಾಯಿತೇ, ಹಾಲು ಸಾಲದೆ ಹೋಯಿತೇ, ಬಿಸಿಲಿಗೆ ಬಿಟ್ಟೆನೇ. ತಾಯಂದಿರ ಲೆಕ್ಕ ಯಾವಾಗಲೂ ತಮ್ಮ ತಪ್ಪಿನಿಂದಲೇ ಶುರುವಾಗುತ್ತದೆ. ಗಂಡನ ಕೈಯ ಪುಡಿ ಆ ಲೆಕ್ಕದೊಳಗೆ ಬರಲೇ ಇಲ್ಲ, ಅವನಷ್ಟು ಜಾಗ್ರತೆಯ ಮನುಷ್ಯ ಇನ್ನೊಬ್ಬನಿರಲಿಲ್ಲವಲ್ಲ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಬಚ್ಚಲೊಲೆಯ ಮುಂದೆ ಮಗುವಿಗೆ ನೀರು ಹಾಕುವಾಗ ಅದರ ಕಣ್ಣು ಮೇಲಕ್ಕೆ ಸಿಕ್ಕಿಕೊಂಡು ಮೈ ಸೆಟೆಯಿತು. ಹೊನ್ನಮ್ಮನ ಕೂಗಿಗೆ ಸಾಂತಪ್ಪ ಗಿರಣಿಯ ಹಿಂದಿನಿಂದ ಓಡಿ ಬಂದ. ಮನೆ ಬಾಗಿಲಿಗೆ ಬಂದರೂ ಒಳಗೆ ಕಾಲಿಡಲು ಒಂದು ಗಳಿಗೆ ತಡೆದ. ಮೈಮೇಲೆ ಕೆಲಸದ ಬಟ್ಟೆ ಇತ್ತು. ಅಂಗಿ ಕಿತ್ತು ಅಂಗಳದಲ್ಲಿ ಎಸೆದು ಒಳಗೆ ನುಗ್ಗಿದ.

ಮಡಿಕೇರಿಯ ಆಸ್ಪತ್ರೆಗೆ ಬಸ್ಸಿನಲ್ಲಿ ಹೋದರು. ದಾರಿಯಲ್ಲಿ ಇನ್ನೊಂದು ಸಲ ಸೆಟೆಯಿತು. ಆಸ್ಪತ್ರೆಯಲ್ಲಿದ್ದವರು ಬಯಲುಸೀಮೆ ಕಡೆಯ ಒಬ್ಬ ಲೇಡಿ ಡಾಕ್ಟರು, ಚಿಕ್ಕ ವಯಸ್ಸು, ಮಾತು ಕಡಿಮೆ. ಮಗುವಿಗೆ ಇಂಜೆಕ್ಷನ್ ಕೊಟ್ಟು ಮಲಗಿಸಿ, ಮಂಡಿಗೆ ತಟ್ಟಿ ನೋಡಿ, ಕೊನೆಗೆ ತುಟಿ ಮಡಚಿ ಒಳಗೆ ನೋಡಿದರು. ಬಹಳ ಹೊತ್ತು ನೋಡಿದರು.

"ಹಲ್ಲು ಉಜ್ಜುತ್ತೀರಾ ಮಗುವಿಗೆ?"

ಹೊನ್ನಮ್ಮನಿಗೆ ಅವಮಾನವಾಯಿತು. "ದಿನಾ ಉಜ್ಜುತ್ತೇವೆ ಅಮ್ಮ. ಒಳ್ಳೆ ಉಮಿಕರೀಲಿ. ಅದೇ ಕರಿ ಸ್ವಲ್ಪ ಹಿಡಿದಿರಬಹುದು."

ಡಾಕ್ಟರು ಹತ್ತಿಯನ್ನು ಒದ್ದೆ ಮಾಡಿ ವಸಡಿನ ಅಂಚನ್ನು ಒರೆಸಿದರು. ಮತ್ತೆ ಒರೆಸಿದರು. ಹತ್ತಿ ಬೆಳ್ಳಗೇ ಬಂತು. ಹಲ್ಲಿನ ಬುಡದಲ್ಲಿ ಇಂಕಿನಿಂದ ಎಳೆದ ಹಾಗಿದ್ದ ನೀಲಿಗಪ್ಪು ಗೆರೆ ಹಾಗೇ ಇತ್ತು.

"ನೀವು ಏನು ಕೆಲಸ ಮಾಡೋದು?" ಎಂದು ಸಾಂತಪ್ಪನ ಕಡೆ ತಿರುಗಿದರು.

ಅವನು ಹೇಳಿದ. ಅವರ ಮುಖ ಬಿಗಿಯಾದದ್ದು ನೋಡಿ ಅವಸರದಿಂದ ಎಲ್ಲವನ್ನೂ ಹೇಳತೊಡಗಿದ: ಗಾಳಿ ನೋಡಿಯೇ ಬೆಂಕಿ ಹಾಕುತ್ತೇನೆ, ಬೇಲಿ ಇದೆ, ಮಗು ಒಂದು ದಿನವೂ ಆ ಕಡೆ ಬಂದಿಲ್ಲ, ಮಿಂದು ಬಟ್ಟೆ ಬದಲಿಸಿಯೇ ಮನೆಗೆ ಹೋಗುತ್ತೇನೆ. "ಹೊಗೆ ವಿಷ ಅಂತ ನನಗೆ ಗೊತ್ತು ಅಮ್ಮ. ಪಟಾಲಮ್ಮಿನಲ್ಲಿ ಕಣ್ಣಾರೆ ಕಂಡಿದ್ದೇನೆ. ನನ್ನ ಮಗುವಿಗೆ ಹೊಗೆ ತಾಗಲೇ ಇಲ್ಲ."

"ಹೊಗೆ ಬಿಡಿ. ಬಾಯಿಗೆ ಏನು ಹೋಗುತ್ತೆ? ಈ ಉಮಿಕರಿ ಎಲ್ಲಿಂದ ತರ್ತೀರಿ?"

"ಇವರೇ ಮಾಡೋದು," ಎಂದಳು ಹೊನ್ನಮ್ಮ. ಅಷ್ಟು ಹೊತ್ತಿನಲ್ಲಿ ಹೇಳಿಕೊಳ್ಳಬಹುದಾದ ಒಂದೇ ಒಂದು ಒಳ್ಳೆಯ ಸಂಗತಿ ಅದು ಎನ್ನುವ ಹಾಗೆ. "ಕುಳೀಲಿ ಬಣ್ಣ ಸುಟ್ಟ ಮೇಲೆ ಉಳೀತದಲ್ಲ, ಬಟ್ಟೇಲಿ ಜಾಲಿಸಿ ಕೊಡ್ತಾರೆ. ಊರವರೆಲ್ಲ ತಕ್ಕೊಂಡು ಹೋಗ್ತಾರೆ."

ಡಾಕ್ಟರು ಏನೂ ಹೇಳುವ ಮೊದಲೇ ಸಾಂತಪ್ಪನಿಗೆ ಗೊತ್ತಾಯಿತು. ಅವನು ಮಂಚದ ಸರಳು ಹಿಡಿದುಕೊಂಡ. ಆಸ್ಪತ್ರೆಯ ಮಂಚಕ್ಕೂ ಬಿಳಿ ಬಣ್ಣ, ಅಂಚಿನಲ್ಲಿ ಎದ್ದಿದ್ದ ಕಡೆ ಕೆಳಗಿನ ಕೆಂಪು ಕಾಣುತ್ತಿತ್ತು.

"ಬಣ್ಣದಲ್ಲಿ ಸೀಸ ಇರುತ್ತೆ," ಎಂದರು ಡಾಕ್ಟರು ಮೆಲ್ಲಗೆ. "ಆ ಕೆಂಪು ಅಸ್ತರದಲ್ಲಂತೂ ಎಲ್ಲಾ ಅದೇ. ಹೊಗೆಯಲ್ಲಿ ಒಂದಿಷ್ಟು ಹೋಗುತ್ತೆ. ಉಳಿದದ್ದು ಬೂದಿಯಲ್ಲೇ ನಿಲ್ಲುತ್ತೆ."

"ಹಗಲಿಡೀ ಬೆಂದದ್ದು ಅಮ್ಮ. ಬೆಂಕೀಲಿ."

"ಎಷ್ಟು ಬೇಯಿಸಿದರೂ ಸೀಸ ಸೀಸವೇ. ಅದು ಸುಟ್ಟು ಇಲ್ಲವಾಗೋದಿಲ್ಲ. ನಿಮ್ಮ ಕೈ ಚಾಚಿ ನೋಡೋಣ."

ಸಾಂತಪ್ಪ ಬಲಗೈ ಚಾಚಿದ. ಮುಂಗೈ ನೇರ ನಿಲ್ಲದೆ ಸ್ವಲ್ಪ ಕೆಳಗೆ ಬಾಗಿತು. ಕಬ್ಬಿಣ ಎತ್ತಿ ಎತ್ತಿ ಸೋತಿದೆ ಎಂದು ಒಂದು ವರ್ಷದಿಂದ ಅಂದುಕೊಂಡಿದ್ದ ಕೈ ಅದು. ಡಾಕ್ಟರು ಅದನ್ನು ನೋಡಿ, ಮಗುವನ್ನು ಮೈಸೂರಿಗೆ ಕರೆದುಕೊಂಡು ಹೋಗಿ, ಇವತ್ತೇ ಹೊರಡಿ, ಸೀಸ ಇಳಿಸುವ ಇಂಜೆಕ್ಷನ್ ಅಲ್ಲಿದೆ ಎಂದು ಚೀಟಿ ಬರೆದುಕೊಟ್ಟರು.

ಮೈಸೂರಿನಲ್ಲಿ ಇಪ್ಪತ್ತಾರು ದಿನ. ಆ ಇಂಜೆಕ್ಷನ್ ಎಷ್ಟು ನೋವೆಂದರೆ, ಮಾತಿಲ್ಲದ ಮಗು ಸಿರಿಂಜಿನ ತಟ್ಟೆಯ ಸದ್ದು ಕೇಳಿಯೇ ಹೊನ್ನಮ್ಮನ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿತ್ತು. ಸೆಟೆಯುವುದು ನಿಂತಿತು. ಹೊಟ್ಟೆ ನೋವು ಹೋಯಿತು. ಮುಖಕ್ಕೆ ರಕ್ತ ಬಂತು. ಜೀವ ಉಳಿಯಿತು ಎಂದು ಹೊನ್ನಮ್ಮ ಚಾಮುಂಡಿ ಬೆಟ್ಟದ ಕಡೆ ಕೈ ಮುಗಿದಳು. ಹೊರಡುವ ದಿನ ಅಲ್ಲಿನ ದೊಡ್ಡ ಡಾಕ್ಟರು ಸಾಂತಪ್ಪನನ್ನು ಬದಿಗೆ ಕರೆದರು. ಮೆದುಳಿಗೆ ಏರಿದ್ದರ ಪೆಟ್ಟು ಎಷ್ಟು ಎಂದು ಈಗ ಹೇಳಲಾಗದು. ಮಾತು ಬರಬಹುದು, ಬರದೆಯೂ ಇರಬಹುದು. ಶಾಲೆಗೆ ಸೇರುವ ವಯಸ್ಸಿನೊಳಗೆ ಬಂದರೆ ಬಂದ ಹಾಗೆ.

"ಎಂತ ಹೇಳಿದ್ದು?" ಎಂದು ಹೊನ್ನಮ್ಮ ಕೇಳಿದಳು.

"ಮಾತು ಬರ್ತದೆ ಹೇಳಿದ್ರು. ಶಾಲೆಗೆ ಹೋಗುವ ಹೊತ್ತಿಗೆ."

ಬಸ್ಸು ಹುಣಸೂರು ದಾಟಿದ ಮೇಲೆ ಅವಳು ಕಿಟಕಿಯ ಹೊರಗೆ ನೋಡುತ್ತಲೇ ಇನ್ನೊಂದು ಕೇಳಿದಳು. "ನಾನೂ ಅದರಲ್ಲೇ ಉಜ್ಜಿದ್ದಲ್ಲ, ಮದುವೆಯಾದ ವರ್ಷದಿಂದ. ಆ ಎರಡು ಬಸಿರು ಹೋದದ್ದೂ ಅದಕ್ಕೆಯಾ?"

ಅವನು ಮೈಸೂರಿನಲ್ಲಿ ಇಪ್ಪತ್ತಾರು ದಿನವೂ ಆಸ್ಪತ್ರೆಯ ಹೊರಗಿನ ಹೊಂಗೆಮರದ ಕೆಳಗೆ ಕೂತು ಕೇಳಿಕೊಂಡಿದ್ದು ಅದನ್ನೇ. "ಗೊತ್ತುಲೆ," ಎಂದ. ಅವಳು ಬೈದಿದ್ದರೆ, ಕೂಗಿದ್ದರೆ ಅವನಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. ಅವಳು ಮಗುವಿನ ಕಾಲಿನ ಮೇಲಿನ ಟವೆಲು ಸರಿಮಾಡಿದಳು.

ಮೂರ್ನಾಡಿಗೆ ಬಂದ ಮರುದಿನವೇ ಸಾಂತಪ್ಪ ಮನೆಮನೆಗೆ ಹೊರಟ. ಜವರ ಒಂದು ಗೋಣಿಚೀಲ ಹಿಡಿದು ಹಿಂದೆ ಬಂದ. ಕೊಟ್ಟವರು ಕೊಟ್ಟರು. ಉತ್ತಯ್ಯ ಡಬ್ಬವನ್ನು ತಂದು ಅಂಗಳಕ್ಕೆ ಎಸೆದ. ಅವನ ಹೆಂಡತಿ ಆಗ ಆರು ತಿಂಗಳ ಬಸುರಿ. ಚೋಮಿ ಮಾತ್ರ ಡಬ್ಬವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಲೈನಿನ ಬಾಗಿಲಲ್ಲಿ ನಿಂತಳು.

"ಕೊಡೂದಿಲ್ಲ ಗೌಡ್ರೆ. ಇದರಿಂದಲೇ ನನ್ನ ಹಲ್ಲು ಗಟ್ಟಿಯಾದ್ದು. ಕೊಟ್ಟದ್ದನ್ನ ವಾಪಸ್ ಕೇಳ್ತೀರಲ್ಲ, ಎಂತ ಕಾಲ ಬಂತು!"

"ವಿಷ ಚೋಮಿ ಅದು. ಕೈ ಮುಗಿದು ಹೇಳ್ತೇನೆ."

"ಹತ್ತು ವರ್ಷದಿಂದ ವಿಷ ಉಜ್ಜಿ ನಾನು ಕಲ್ಲಿನ ಹಾಗೆ ನಿಂತಿಲ್ವಾ? ನಾವು ಉಗುಳ್ತೇವೆ ಗೌಡ್ರೆ, ನುಂಗೂದಿಲ್ಲ. ನುಂಗುವ ವಸ್ತುವಾ ಅದು? ಮಕ್ಕಳಿಗೆ ಉಗುಳಕ್ಕೆ ಕಲಿಸಬೇಕು."

ಜವರ ಮುಂದೆ ಬಂದು, "ಏ ಚೋಮಿ, ಬಾಯಿ ಮುಚ್ಚು," ಎಂದ. ಅವಳಿಗೆ ಏನು ಆಡಿದೆ ಎಂದು ಆಮೇಲೆ ತಿಳಿಯಿತು. ಡಬ್ಬವನ್ನು ತಾನೇ ಗೋಣಿಗೆ ಹಾಕಿ ಒಳಗೆ ಹೋಗಿಬಿಟ್ಟಳು. ಸಾಂತಪ್ಪ ಅಲ್ಲೇ ನಿಂತಿದ್ದ. ನುಂಗಲಿ ಬಿಡು ಮಾರಾಯ್ತಿ ಎಂದು ನಕ್ಕ ತನ್ನದೇ ದನಿ ಕಿವಿಯಲ್ಲಿತ್ತು. ಅವನು ಕಲಿಸಿದ್ದು ಅದನ್ನೇ.

ಎಲ್ಲ ಪುಡಿಯನ್ನೂ ಕುಳಿಗೆ ಸುರಿದು, ಹೊಳೆಯ ಕಡೆಗೆ ಇಳಿಯದ ಹಾಗೆ ಮೇಲೆ ಜೇಡಿಮಣ್ಣು ಹಾಕಿ ತುಳಿದು ಮುಚ್ಚಿದರು. ಬಣ್ಣ ತೆಗೆಯುವ ಕೆಲಸವನ್ನು ಆಮೇಲೂ ಕೆಲವು ದಿನ ಮಾಡಿದ. ಬೆಂಕಿ ಇಲ್ಲ, ನೀರು ಹಾಕಿ, ಉಳಿಯಿಂದ ಕೆರೆದು, ಕೆರೆದದ್ದನ್ನು ಒದ್ದೆಯಾಗಿಯೇ ಬಾಚಿ ಡಬ್ಬದಲ್ಲಿ ತುಂಬುವುದು. ಆದರೆ ಸೋತ ಕೈಗೆ ಒಂದು ಸೈಕಲ್ ಮುಗಿಯಲು ನಾಲ್ಕು ದಿನ ಬೇಕಾಯಿತು. ಕೆಲಸ ತರುವವರು ಮಡಿಕೇರಿಗೆ ಹೋಗತೊಡಗಿದರು. ಜವರ ಎಸ್ಟೇಟಿಗೆ ಸೇರಿದ. ಸಾಂತಪ್ಪ ಗಿರಣಿಯಲ್ಲೇ ಮೂಟೆಗಳ ಬಾಯಿ ಹೊಲಿಯಲು ನಿಂತ. ಎಡಗೈಯಲ್ಲಿ ಹೊಲಿಯಲು ಕಲಿತ.

ಉಳಿದ ಹೊತ್ತೆಲ್ಲ ಮಗಳಿಗೆ. ಜಗಲಿಯಲ್ಲಿ ಎದುರು ಕೂರಿಸಿಕೊಂಡು, ಲೋಟ ತೋರಿಸಿ ಲೋಟ, ಕಾಗೆ ತೋರಿಸಿ ಕಾಗೆ. ಮಗು ಲೋಟವನ್ನು ನೋಡುವುದಿಲ್ಲ, ಅವನ ತುಟಿಯನ್ನು ನೋಡುತ್ತದೆ, ನಗುತ್ತದೆ. ಅವನು ಹೇಗೆ ಮಾಡಿದರೆ ಹಾಗೆ ಮಾಡುತ್ತದೆ: ತಲೆ ಅಲ್ಲಾಡಿಸಿದರೆ ತಲೆ, ಚಪ್ಪಾಳೆ ಹೊಡೆದರೆ ಚಪ್ಪಾಳೆ. ದನಿ ಮಾತ್ರ ಬರದು. ಒಂದು ವರ್ಷ ಕಳೆದು ಒಂದು ದಿನ, ಹೆಸರು ಹೇಳು ಮಗಾ ಎಂದಾಗ, "ನೀಲಾ" ಎಂದಿತು. ಹೊನ್ನಮ್ಮ ಒಲೆಯ ಮೇಲಿನ ಹಾಲು ಬಿಟ್ಟು ಓಡಿ ಬಂದಳು. ಮೂರು ಸಲ ಹೇಳಿಸಿದರು, ಮೂರು ಸಲವೂ ಬಂತು. ಆಮೇಲೆ ಎರಡು ತಿಂಗಳು ಬರಲಿಲ್ಲ. ಮತ್ತೆ ಒಂದು ದಿನ ಬಂತು. ಹೀಗೆ ಎರಡು ವರ್ಷದಲ್ಲಿ ಅದೊಂದೇ ಮಾತು, ಅದೂ ಬಂದರೆ ಬಂತು. ಆದರೂ ಅವರು ಅದನ್ನೇ ಹಿಡಿದುಕೊಂಡರು. ಹೆಸರು ಹೇಳಿದರೆ ಸಾಕು, ಮೇಷ್ಟ್ರು ಬರೆದುಕೊಳ್ಳುತ್ತಾರೆ, ಮಕ್ಕಳ ನಡುವೆ ಬಿದ್ದರೆ ಉಳಿದದ್ದು ತಾನಾಗಿ ಬರುತ್ತದೆ ಎಂದು ಹೊನ್ನಮ್ಮ. ಸಾಂತಪ್ಪ ಹೂಂ ಎನ್ನುತ್ತಿದ್ದ. ಮೈಸೂರಿನ ಡಾಕ್ಟರು ಹೇಳಿದ್ದರ ಇನ್ನರ್ಧ ಅವನೊಬ್ಬನ ಹತ್ತಿರವೇ ಇತ್ತು.

ಅರವತ್ತನಾಲ್ಕನೆಯ ಇಸವಿಯ ಜೂನ್‌ನಲ್ಲಿ ಶಾಲೆ ತೆರೆಯಿತು. ಹೊನ್ನಮ್ಮ ಮಗಳಿಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿ, ಹೊಸ ಲಂಗ ತೊಡಿಸಿ, "ಹೆಸರು ಕೇಳಿದ್ರೆ ಎಂತ ಹೇಳೊಕು?" ಎಂದು ಬಾಗಿಲಲ್ಲಿ ಕೊನೆಯ ಸಲ ಕೇಳಿದಳು. ಮಗು ನಕ್ಕಿತು. ಬೆಳಿಗ್ಗೆ ಎದ್ದಾಗ ಹೇಳಿತ್ತಲ್ಲ, ಅಲ್ಲೂ ಹೇಳುತ್ತದೆ ಎಂದು ಅವಳೇ ಸಮಾಧಾನ ಮಾಡಿಕೊಂಡಳು. ತಾನು ಬರುವುದಿಲ್ಲ, ಅಂಗಳದ ಬೇಲಿಯ ದಣಪೆಯ ಹತ್ತಿರ ಕಾಯುತ್ತಿರುತ್ತೇನೆ ಎಂದಳು.

ಶಾಲೆಯ ಜಗಲಿಯಲ್ಲಿ ಏಳೆಂಟು ಮಕ್ಕಳು ಸಾಲಾಗಿ ನಿಂತಿದ್ದರು. ಹುಟ್ಟಿದ ತಾರೀಖು ಯಾರ ಹತ್ತಿರವೂ ಸರಿಯಾಗಿರುತ್ತಿರಲಿಲ್ಲ. ಅದಕ್ಕೆ ಹೆಡ್‌ಮೇಷ್ಟ್ರು ಒಂದೇ ಪರೀಕ್ಷೆ ಮಾಡುತ್ತಿದ್ದರು: ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ವಯಸ್ಸಾಯಿತು. ಇಬ್ಬರು ಮುಟ್ಟಿದರು, ಒಬ್ಬ ಹುಡುಗ ಕುತ್ತಿಗೆ ವಾಲಿಸಿ ಮೋಸ ಮಾಡಲು ಹೋದಾಗ ಎಲ್ಲರೂ ನಕ್ಕರು.

"ಬಾ ಮಗಾ, ನಿನ್ನ ಸರದಿ. ಕಿವಿ ಮುಟ್ಟು ನೋಡುವ."

ಚಿನ್ನಿ ಅಪ್ಪನನ್ನು ನೋಡಿದಳು. ಸಾಂತಪ್ಪ ಎದುರು ಕುಕ್ಕರಗಾಲಲ್ಲಿ ಕೂತು ತಾನೇ ಮಾಡಿ ತೋರಿಸಿದ. ಬಲಗೈ ಜೋತುಬಿತ್ತು, ಎಡಗೈಯಲ್ಲಿ ಮಾಡಿದ. ಅವಳೂ ಕೈ ಎತ್ತಿ, ಎರಡು ಜಡೆಗಳ ನಡುವಿನ ಬೈತಲೆಯ ಮೇಲಿಂದ ತಂದು, ಆ ಬದಿಯ ಕಿವಿಯನ್ನು ಪೂರ್ತಿ ಹಿಡಿದಳು.

"ಭೇಷ್! ಕಿವಿ ಮಾತ್ರ ಅಲ್ಲ, ಕೆನ್ನೆಯೂ ಸಿಗ್ತದೆ ಇವಳಿಗೆ," ಎಂದು ಮೇಷ್ಟ್ರು ರಿಜಿಸ್ಟರು ತೆರೆದು ಪೆನ್ನು ಹಿಡಿದರು. "ಹೆಸರೇನು?"

ಸಾಂತಪ್ಪ ಅವಳ ತುಟಿಯನ್ನೇ ನೋಡಿದ. ಅವಳು ಅವನ ತುಟಿಯನ್ನು ನೋಡುತ್ತಿದ್ದಳು. ಹೇಳಿಕೊಟ್ಟರೆ ಹೇಳಿಯಾಳು ಅನ್ನಿಸಿತು, ಆದರೆ ಹೇಳಿಕೊಡುವ ಮೊದಲೇ ಮೇಷ್ಟ್ರು ಮತ್ತೆ ಕೇಳಿದರು.

"ಹೆಸರು ಹೇಳಮ್ಮ. ನಾಚಿಕೆಯಾ?"

ಸಾಲಿನಲ್ಲಿದ್ದ ಒಂದು ಹುಡುಗಿ ಕಿಸಕ್ಕನೆ ನಕ್ಕಳು. ಚಿನ್ನಿಯೂ ನಕ್ಕಳು. ಮೇಷ್ಟ್ರು ಸೀಮೆಸುಣ್ಣದ ತುಂಡು ಹಿಡಿದು, ಇದೇನು ಎಂದರು. ಹೊರಗೆ ಕಟ್ಟಿದ್ದ ದನವನ್ನು ತೋರಿಸಿ, ಅದೇನು ಎಂದರು. ಅಪ್ಪ ಎಲ್ಲಿ ತೋರಿಸು ಎಂದರು. ಅವಳು ಮೇಷ್ಟ್ರ ಬೆರಳನ್ನೇ ನೋಡಿದಳು. ಅವರು ಪೆನ್ನಿನ ಮುಚ್ಚಳ ಹಾಕಿದರು. ಸದ್ದಾಗದ ಹಾಗೆ ರಿಜಿಸ್ಟರು ಮುಚ್ಚಿದರು.

"ಮುಂದಿನ ವರ್ಷ ಕರ್ಕೊಂಡು ಬನ್ನಿ ಸಾಂತಪ್ಪ. ನೋಡುವ," ಎಂದರು. ಆಮೇಲೆ ಅವನ ಮುಖ ನೋಡಲಾಗದೆ, ಮುಂದಿನ ಮಗುವನ್ನು ಕರೆದರು.

ಅವನು ಅವಳ ಎಡಗೈ ಹಿಡಿದು ರಸ್ತೆಗಿಳಿದ. ಗಿರಣಿ ದಾಟುವಾಗ ಯಾರೋ, "ಎಂತ, ಸೇರಿಸಿದ್ದು ಆಯ್ತಾ?" ಎಂದು ಕೂಗಿದರು. ಕೇಳದವನ ಹಾಗೆ ನಡೆದ. ಹೊನ್ನಮ್ಮ ದೂರದಿಂದಲೇ ಕಾಣುತ್ತಿದ್ದಳು, 'ಹೇಳಿತಾ?' ಎನ್ನುವ ಹಾಗೆ ದಣಪೆಯ ಮೇಲೆ ಬಾಗಿ ನಿಂತಿದ್ದಳು. ಏನು ಹೇಳಲಿ ಎಂದು ಮಗಳ ಕಡೆ ತಿರುಗಿದ. ಆಗ ಅವನ ಕಣ್ಣಿಗೆ ಬಿತ್ತು: ಶಾಲೆಯಿಂದ ಇಲ್ಲಿಯವರೆಗೂ ಅವಳ ಬಲಗೈ ತಲೆಯ ಮೇಲಿಂದ ಹಾಯ್ದು ಎಡಗಿವಿಯನ್ನು ಹಿಡಿದೇ ಇತ್ತು. ಇಳಿಸು ಎಂದು ಯಾರೂ ಹೇಳಿರಲಿಲ್ಲ.